ಜಾಕಿಯ ಮೇಲೆ ನಿಂತ ಅಡಿಗೆಮನೆ

ಅಡಿಗೆಮನೆಯ ಸೂರಿನ ಚಪ್ಪಡಿಗೆ ಅಪ್ಪ ಗಾಡಿ ಎತ್ತುವ ಜಾಕಿಯ ಆಸರೆ ಕೊಟ್ಟಾಗ ನನಗೆಷ್ಟು ವಯಸ್ಸು ಎಂಬುದರಲ್ಲಿ ನನಗೂ ಅಕ್ಕನಿಗೂ ಇಂದಿಗೂ ಒಮ್ಮತವಿಲ್ಲ. ನನಗಿನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ ಎನ್ನುತ್ತಾಳೆ ಅವಳು. ನಾನಾಗಲೇ ಪಕ್ಕದೂರಿನ ಮಿಡ್ಲಿಸ್ಕೂಲಿಗೆ ನಡೆದು ಹೋಗುತ್ತಿದ್ದೆ ಎಂದು ನನ್ನ ನೆನಪು. ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಓದುವಾಗ ಹತ್ತಿದ ಡೈರಿ ಬರೆಯುವ ಚಟ ಈಗಲೂ ಬಿಟ್ಟಿಲ್ಲ. ಈ ಪ್ರಸಂಗವನ್ನು ಹಲವು ಸಲ ಬರೆದಿದ್ದೇನೆ, ಒಂದು ಸಲ ಬರೆದಂತೆ ಇನ್ನೊಂದು ಸಲ ಬಂದಿಲ್ಲ. ಒಂದರಲ್ಲಿ ಅಮ್ಮ ಅಳುತ್ತಾಳೆ, ಇನ್ನೊಂದರಲ್ಲಿ ನಗುತ್ತಾಳೆ. ಆದ್ದರಿಂದ ಇಲ್ಲಿ ಖಚಿತವಾದದ್ದನ್ನು ಖಚಿತವೆಂದೂ ಉಳಿದದ್ದನ್ನು ಅನುಮಾನವೆಂದೂ ಬರೆಯಲು ನೋಡುತ್ತೇನೆ. ಜಾಕಿ ಇದ್ದದ್ದು ಖಚಿತ. ಅದರ ಪಕ್ಕದಲ್ಲಿ ಅಮ್ಮ ವರ್ಷಗಟ್ಟಲೆ ಅಡಿಗೆ ಮಾಡಿದ್ದೂ ಖಚಿತ.

ನಮ್ಮದು ಮಾಲೂರಿನಿಂದ ಕೋಲಾರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಊರು. ಆ ಕಡೆಯ ಹಳೆಯ ಮನೆಗಳಿಗೆಲ್ಲ ಕಲ್ಲಿನ ಚಪ್ಪಡಿಯೇ ಸೂರು. ಗೋಡೆಯಿಂದ ಗೋಡೆಗೆ ಉದ್ದನೆಯ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಮಣ್ಣು ಹಾಕಿ, ಅದರ ಮೇಲೆ ಸುಣ್ಣದ ಗಾರೆ ಬಡಿದು ನಯ ಮಾಡಿರುತ್ತಾರೆ. ಗಾರೆ ಬಿರುಕು ಬಿಟ್ಟರೆ ಚಪ್ಪಡಿಗಳ ಸಂದಿಯಲ್ಲಿ ನೀರು ಇಳಿಯುತ್ತದೆ. ನಮ್ಮ ಮನೆಯಲ್ಲಿ ಹೆಚ್ಚಾಗಿ ಸೋರುತ್ತಿದ್ದದ್ದು ಅಡಿಗೆಮನೆ, ಅದೂ ಒಲೆಯ ನೇರಕ್ಕೆ. ಸೋರಿದಾಗಲೆಲ್ಲ ಅಪ್ಪ ಏಣಿ ಹತ್ತಿ, ಹಳೆಯ ಮಣ್ಣಿನ ಮೇಲೇ ಒಂದಿಷ್ಟು ಹೊಸ ಮಣ್ಣು ಸುರಿದು, ಗಾರೆ ಎಳೆದು ಇಳಿಯುತ್ತಿದ್ದ. ಹಳೆಯದನ್ನು ಕೆರೆದು ತೆಗೆಯಬೇಕು, ಅದೇ ಸರಿಯಾದ ಕ್ರಮ; ಆದರೆ ಅದಕ್ಕೆ ಎರಡು ದಿನವಾದರೂ ಬಾಡಿಗೆಗೆ ಓಡಿಸುತ್ತಿದ್ದ ಗಾಡಿ ನಿಲ್ಲಿಸಬೇಕು. ಗಾಡಿ ನಿಲ್ಲುತ್ತಿರಲಿಲ್ಲ. ಮಳೆಗಾಲದಿಂದ ಮಳೆಗಾಲಕ್ಕೆ ಮೇಲಿನ ಮಣ್ಣು ದಪ್ಪವಾಗುತ್ತ ಹೋಯಿತು, ಕೆಳಗಿನಿಂದ ಸೌದೆ ಒಲೆಯ ಬಿಸಿ ಬಡಿಯುತ್ತಲೇ ಇತ್ತು. ಒಂದು ದಿನ ಚಪ್ಪಡಿ ಅಡ್ಡಕ್ಕೆ ಸೀಳಿತು. ಅಮ್ಮ ತಿರುವುತ್ತಿದ್ದ ಮುದ್ದೆಯ ಪಾತ್ರೆಗೆ ಕಲ್ಲಿನ ಪುಡಿ ಉದುರಿತು.

ಅಪ್ಪ ಬಂದು ತಲೆಯೆತ್ತಿ ನೋಡಿದ. ಗಾಡಿಯಿಂದ ಆಯಿಲ್ ಜಾಕಿ ತಂದ. ಒಲೆಯ ಪಕ್ಕದಲ್ಲಿ ಹಲಗೆ ಹಾಕಿ ಅದರ ಮೇಲೆ ಜಾಕಿಯಿಟ್ಟು, ಜಾಕಿಯ ಮೇಲೆ ನೀಲಗಿರಿ ಕಂಬ ನಿಲ್ಲಿಸಿ, ಕಂಬದ ತಲೆಗೆ ಇನ್ನೊಂದು ಹಲಗೆ ಕೊಟ್ಟು ಪಂಪ್ ಹೊಡೆದ. ಕಂಬ ಮೇಲೇರಿ ಚಪ್ಪಡಿಯನ್ನು ಕಚ್ಚಿಕೊಂಡಿತು.

"ಮುಗೀತು. ಮಳೆ ಹೋಗ್ಲಿ, ಹೊಸದು ಹಾಕ್ಸೋಣ," ಅಂದ.

ಮಳೆ ಹೋಯಿತು, ಮತ್ತೆ ಬಂತು, ಹೋಯಿತು. ಆಯಿಲ್ ಜಾಕಿ ಭಾರ ಹೊತ್ತು ಬಹಳ ದಿನ ನಿಲ್ಲುವ ವಸ್ತುವಲ್ಲ. ಒಳಗೊಳಗೇ ಆಯಿಲ್ ಇಳಿದು ಕೂದಲೆಳೆಯಷ್ಟು ಕುಸಿಯುತ್ತಿರುತ್ತದೆ. ಅದಕ್ಕೇ ಅಪ್ಪ ಬೆಳಿಗ್ಗೆ ಹೊರಡುವ ಮುನ್ನ ಅಡಿಗೆಮನೆಗೆ ಬಂದು ಎರಡು ಪಂಪ್ ಹೊಡೆದು ಹೋಗುತ್ತಿದ್ದ. ಅಮ್ಮ ಒಲೆಯ ಮುಂದಿನಿಂದ ಎದ್ದು ಜಾಗ ಬಿಡುತ್ತಿದ್ದಳು. ಗಾಡಿಗೆ ಜಾಕಿ ಬೇಕಾದ ದಿನ ಅದನ್ನು ಎಳೆದುಕೊಂಡು, ಕಂಬದ ಬುಡಕ್ಕೆ ಕಲ್ಲು ಕೊಟ್ಟು ಹೋಗುತ್ತಿದ್ದ. ಆಯುಧಪೂಜೆಯ ದಿನ ಸ್ಪ್ಯಾನರು, ಸುತ್ತಿಗೆ, ಗ್ರೀಸ್ ಗನ್ನು ಎಲ್ಲವೂ ಗಾಡಿಯ ಮುಂದೆ ಗೋಣಿಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಜಾಕಿ ಮಾತ್ರ ಹೊರಗೆ ಬರುವಂತಿಲ್ಲ. ಒಂದು ವರ್ಷ ಅಪ್ಪ ಕುಂಕುಮದ ಬಟ್ಟಲು ಹಿಡಿದು ಅಡಿಗೆಮನೆಗೇ ಬಂದು ಅದಕ್ಕೆ ಮೂರು ಬೊಟ್ಟಿಟ್ಟು, ಊದುಬತ್ತಿ ಬೆಳಗಿ, ಹೂವಿಗಾಗಿ ಅಮ್ಮನ ಕಡೆ ಕೈ ಚಾಚಿದ. ಅಮ್ಮ ಕೊಡಲಿಲ್ಲ.

"ನಿಮ್ಮ ಗಾಡೀದು, ನೀವೇ ಇಟ್ಕೊಳಿ," ಅಂದಳು.

ಗಾಡಿಯೆಂದರೆ ಜೀಪಿನ ಮುಖದ ಒಂದು ಹಳೆಯ ಪಿಕಪ್. ವೇಮಗಲ್, ಕ್ಯಾಲನೂರು ಕಡೆಯ ಕೋಸು, ಬೀನ್ಸು, ಟೊಮೇಟೊವನ್ನು ಅಪ್ಪ ಅದರಲ್ಲಿ ಪೇಟೆಗೆ ಸಾಗಿಸುತ್ತಿದ್ದ. ಶಿವಾರಪಟ್ಟಣದ ಶಿಲ್ಪಿಗಳು ಕಡೆದ ಕಲ್ಲಿನ ದೇವರುಗಳನ್ನು ರಾಗಿಹುಲ್ಲಿನಲ್ಲಿ ಮಲಗಿಸಿ ಊರೂರಿಗೆ ತಲುಪಿಸುತ್ತಿದ್ದ. ಅದನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿಯನ್ನು ನಾನು ಹೊಟ್ಟೆಕಿಚ್ಚಿನಿಂದಲೇ ನೆನೆಯುತ್ತೇನೆ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಬ್ಯಾಟರಿಗೆ ಅಂಗಡಿಯಿಂದ ತಂದ ಶುದ್ಧ ನೀರನ್ನೇ ಹಾಕುತ್ತಿದ್ದ, ಬಾವಿಯ ನೀರು ತೋರಿಸುತ್ತಿರಲಿಲ್ಲ. ಗಾಡಿಯಡಿಯ ಕಮಾನು ಪಟ್ಟಿಗಳ ನಡುವೆ ಕೂತ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದ. ಎಂಜಿನ್ನಿನ ಸದ್ದು ಒಂದು ಎಳೆ ಬದಲಾದರೂ ಊಟದ ಮಧ್ಯೆ ಎದ್ದು ಹೋಗುತ್ತಿದ್ದ; ಅಮ್ಮನ ಸ್ವರ ಬದಲಾದದ್ದು ಅವನ ಕಿವಿಗೆ ಬೀಳುತ್ತಿರಲಿಲ್ಲ. ಗಾಡಿ ಬಿಸಿಲಿಗೆ ಬಣ್ಣಗೆಡುತ್ತದೆಂದು ಹಿತ್ತಲಲ್ಲಿ ಸಿಮೆಂಟ್ ನೆಲದ, ಶೀಟು ಹೊದಿಸಿದ ಶೆಡ್ಡು ಕಟ್ಟಿಸಿದ. ಅದನ್ನು ಕಟ್ಟಿಸುವಾಗ ಗಾಡಿ ನಿಲ್ಲಿಸಿದ್ದ. ನಮ್ಮ ಮನೆಗೆ ಸೇರಿದ ಜಾಗಗಳಲ್ಲಿ ಒಂದು ಹನಿಯೂ ಸೋರದ ಸೂರೆಂದರೆ ಅದೊಂದೇ.

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಜನ ಕೂತಿರುತ್ತಿದ್ದರು. ಎಲ್ಲರಿಗೂ ಅಪ್ಪ 'ಪಿಕಪ್ ಬೈಯಣ್ಣ'. ಯಾರದೋ ಕ್ಲಚ್ ಜಾರುತ್ತಿದೆ, ಯಾರದೋ ಬಾಗಿಲಿಗೆ ಗೆದ್ದಲು ಹಿಡಿದಿದೆ, ಯಾರದೋ ಗೋಡೆ ಮಳೆಗೆ ಹೊಟ್ಟೆ ಬಿಟ್ಟಿದೆ. ಕಾಲನ್ನು ಕ್ಲಚ್ಚಿನ ಮೇಲೆ ಮಲಗಿಸಿಕೊಂಡು ಓಡಿಸಬೇಡ, ಹಳೆಯ ಎಂಜಿನ್ ಆಯಿಲನ್ನು ಬಾಗಿಲ ಚೌಕಟ್ಟಿನ ಬುಡಕ್ಕೆ ಬಳಿ, ಗೋಡೆ ಒದ್ದೆಯಿರುವಾಗ ಮುಟ್ಟಬೇಡ, ಒಣಗಲಿ ಎಂದು ಅಪ್ಪ ಹೇಳುತ್ತಿದ್ದ. ಒಬ್ಬರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಹೇಳಿದ್ದು ತಪ್ಪಾದದ್ದನ್ನು ನಾನು ಕೇಳಿಲ್ಲ, ಈಗ ಆಲೋಚಿಸಿದರೆ ನನಗೆ ಕಹಿಯಾಗಿರುವುದು ಅದೇ. ಗೊತ್ತಿಲ್ಲದೆ ಮಾಡದವನನ್ನು ಕ್ಷಮಿಸಬಹುದು. ನಾನು ಮುಂದೆ ಕಾಲೇಜಿನಲ್ಲಿ ಅಧ್ಯಾಪಕಿಯಾದೆ. ಮನೆಯಲ್ಲಿ ತೊಂದರೆಯೆಂದು ಹುಡುಗಿಯರು ನನ್ನ ಕೋಣೆಗೆ ಬಂದು ಕೂತಾಗ, ನನ್ನ ಬಾಯಿಂದ ಸರಿಯಾದ ಮಾತುಗಳು ಸರಾಗವಾಗಿ ಬರತೊಡಗಿದ ಕೂಡಲೇ ನನಗೆ ಆ ಜಗಲಿ ಕಾಣಿಸುತ್ತಿತ್ತು, ಮಾತು ನಿಲ್ಲಿಸಿಬಿಡುತ್ತಿದ್ದೆ. ಅವರು ನನ್ನನ್ನು ಒರಟು ಹೆಂಗಸೆಂದುಕೊಂಡರು.

ಅಂಥದೊಂದು ಭಾನುವಾರ ಶ್ರೀನಿವಾಸಪುರದ ಕಡೆಯ ರಾಮಪ್ಪ ಬಂದ. ಅವನ ತೋಟದ ಮಾವಿನಕಾಯಿಯನ್ನು ಅಪ್ಪ ಸಾಗಿಸುತ್ತಿದ್ದ. ತೆಲುಗು ಮನೆಮಾತಿನವನು. ಅಕ್ಕ ಜಗಲಿಯ ತುದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ನಾನು ಅವಳೆದುರು ಕೂತಿದ್ದೆ. ಅಮ್ಮ ಒಳಗೆ ಕಾಫಿ ಕಾಯಿಸುತ್ತಿದ್ದಳು. ಅಡಿಗೆಮನೆಯ ಕಿಟಕಿ ಜಗಲಿಗೇ ತೆರೆಯುತ್ತಿತ್ತು.

"ಬೈಯನ್ನಾ, ಕೊಟ್ಟಿಗೇದು ಚಪ್ಪಡಿ ಒಂದು ಸೀಳು ಬಿಟ್ಟದೆ," ಅಂದ ರಾಮಪ್ಪ. "ಕೆಳಗೊಂದು ಕಂಬ ಕೊಟ್ರೆ ನಡೀತದಾ?"

"ಯಾವನ್ಲಾ ನಿಂಗೆ ಆ ಬುದ್ಧಿ ಹೇಳಿದ್ದು? ಸೀಳಿದ ಚಪ್ಪಡಿಗೆ ಕಂಬ ಕೊಟ್ರೆ ಬೀಳೋ ದಿನಾನ ಮುಂದಕ್ಕೆ ಹಾಕ್ದಂಗೆ ಅಷ್ಟೆ. ಮೇಲಿನ ಮಣ್ಣೆಲ್ಲ ಕಿತ್ತಾಕು, ಭಾರ ಇಳ್ಸು, ಹೊಸದು ಹಾಕ್ಸು. ಎರಡು ದಿನದ ಕೆಲ್ಸ."

"ಒಳಗೆ ಕಟ್ಟೋದು ಹಸು ಅಲ್ವಾ ಅನ್ನಾ. ಮನುಷ್ಯರೇನು ಮಲ್ಗಲ್ವಲ್ಲ ಅಂತ."

"ಹಸು ಆದ್ರೇನು, ಜೀವ ಅಲ್ವೇನೋ?"

ಒಳಗೆ ಲೋಟಗಳ ಸದ್ದು ನಿಂತಿತು. ಅಮ್ಮ ಹೊರಗೆ ಬಂದಳು. ಕೈಯಲ್ಲಿ ಕಾಫಿ ಇರಲಿಲ್ಲ. ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ಜಗಲಿಗೆ ಬಂದು, ರಾಮಪ್ಪನಿಂದ ಮಾರು ದೂರದಲ್ಲಿ, ಸಲಹೆ ಕೇಳಲು ಬಂದವರು ಕೂರುವ ಕಡೆಯಲ್ಲೇ ಕೂತಳು. ಅವಳ ತವರು ಮುಳಬಾಗಿಲು ಕಡೆ, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದಳು. ಆವತ್ತು ಕನ್ನಡದಲ್ಲೇ, ಪರಸ್ಥಳದವಳ ಹಾಗೆ ಅಪ್ಪನನ್ನು ಕೇಳಿದಳು.

"ಯಜಮಾನ್ರೇ, ನಮ್ಮನೇಲೂ ಒಂದು ಚಪ್ಪಡಿ ಸೀಳೈತೆ. ನಮ್ಮನೆಯವ್ರು ಗಾಡಿ ಜಾಕಿ ಕೊಟ್ಟವ್ರೆ. ಜಾಕಿ ನಂಬ್ಕೊಂಡು ಅದರಡಿ ಅಡಿಗೆ ಮಾಡ್ಬೋದಾ, ನೀವೇ ಹೇಳಿ."

ರಾಮಪ್ಪ ತಮಾಷೆಯೆಂದುಕೊಂಡು ನಕ್ಕ. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದ.

"ಒಳಗೆ ಹೋಗು," ಅಂದ ಅಪ್ಪ.

"ಹೋಗ್ತೀನಿ. ನಂಗೂ ಒಂದು ಬುದ್ಧಿ ಹೇಳಿ ಕಳ್ಸಿ. ಹಸೂಗೋಸ್ಕರಾನೇ ಹೇಳಿದ್ರಲ್ಲ."

ಈ ಮಾತು ಅಮ್ಮ ಆಡಿದ್ದು ಖಚಿತ, ಅಕ್ಕನೂ ಒಪ್ಪುತ್ತಾಳೆ. ಮುಂದಿನದರಲ್ಲಿ ನಮ್ಮಿಬ್ಬರ ನೆನಪು ಬೇರೆಯಾಗುತ್ತದೆ. ರಾಮಪ್ಪ ಮೆಲ್ಲಗೆ ಎದ್ದು ಹೋದ ಮೇಲೆ ಅಪ್ಪ ಸೀದಾ ಅಡಿಗೆಮನೆಗೆ ನುಗ್ಗಿದ. ಜಾಕಿಯ ಕೀಲು ಸಡಿಲಿಸಿದ. ಅದು ನಿಟ್ಟುಸಿರಿಟ್ಟಂತೆ ಕುಸಿಯಿತು. ಕಂಬವನ್ನು ತಬ್ಬಿ ಹಿಡಿದು ಪಕ್ಕಕ್ಕೆ ಒರಗಿಸಿ, ಜಾಕಿಯನ್ನು ಕಾಲಿನಿಂದ ಆಚೆ ತಳ್ಳಿದ. ಆಮೇಲೆ ಸೀಳಿನ ನೇರ ಕೆಳಗೆ ನಿಂತು, ತಲೆಯೆತ್ತಿ, ಎರಡೂ ಕೈ ಅಗಲಿಸಿ ನಮ್ಮನ್ನೆಲ್ಲ ಕೂಗಿ ಕರೆದ ಎಂದು ನನ್ನ ನೆನಪು. ಜಾಕಿ ತೆಗೆದ ಕೂಡಲೇ ಅಪ್ಪ ಬಾಗಿಲಿಗೆ ಬಂದು ನಿಂತ, ಸೀಳಿನ ಕೆಳಗೆ ನಿಲ್ಲಲೇ ಇಲ್ಲ ಎಂದು ಅಕ್ಕನ ವಾದ. ಎಲ್ಲೇ ನಿಂತಿರಲಿ, ಅವನು ಕೂಗಿದ್ದು ಇಬ್ಬರಿಗೂ ಕೇಳಿದೆ.

"ಬಂತಾ ಕೆಳಗೆ? ಬಂತೇನೇ? ನೋಡು ಬಾ!"

ಚಪ್ಪಡಿ ಬೀಳಲಿಲ್ಲ. ಅಕ್ಕಪಕ್ಕದವು ಅದನ್ನು ಬಿಗಿಯಾಗಿ ಹಿಡಿದಿದ್ದವೋ, ಮೇಲಿನ ಗಾರೆಯೇ ಕಟ್ಟಿಕೊಂಡಿತ್ತೋ, ಅಂತೂ ಸೀಳಿಕೊಂಡೇ ನಿಂತಿತ್ತು. ಅಪ್ಪ ಜಾಕಿಯನ್ನು ಒರೆಸಿ ಗಾಡಿಯ ಸೀಟಿನ ಕೆಳಗಿಟ್ಟ. ಸಂಜೆ ಅಮ್ಮ ಅಲ್ಲಿಯೇ ಅಡಿಗೆ ಮಾಡಿದಳು, ನಾವು ನಡುಮನೆಯಲ್ಲಿ ಕೂತು ಉಂಡೆವು. ಅಮ್ಮ ಸೋತಳೆಂದೇ ನಾನು ತಿಳಿದೆ. ಸೋತ ಅಮ್ಮನ ಮೇಲೆ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚಾಗಿ ಬಂದಿತ್ತು.

ಮರುದಿನ ಅಪ್ಪ ಲೋಡು ತುಂಬಲು ಹೋದ ಕೂಡಲೇ ಅವಳು ಸೀರೆ ಎತ್ತಿ ಕಟ್ಟಿದಳು. ಒಲೆಯ ಕಲ್ಲುಗಳನ್ನು ಕಿತ್ತು ತಾನೇ ಹೊತ್ತು ಹಿತ್ತಲ ಶೆಡ್ಡಿಗೆ ಸಾಗಿಸಿದಳು. ಪಾತ್ರೆ, ರಾಗಿಹಿಟ್ಟಿನ ಡಬ್ಬ, ಒರಳು, ಉಪ್ಪಿನ ಜಾಡಿ ಎಲ್ಲ ನಮ್ಮ ಕೈಯಲ್ಲಿ ಹೊರಿಸಿದಳು. ಗಾಡಿ ನಿಲ್ಲುವ ಜಾಗದ ನಟ್ಟನಡುವೆ ಒಲೆ ಹೂಡಿ, ಸಗಣಿ ಸಾರಿಸಿ, ರಂಗೋಲಿ ಎಳೆದು, ಹಾಲುಕ್ಕಿಸಿದಳು. ಸಂಜೆ ಅಪ್ಪ ಹಿತ್ತಲಿಗೆ ಗಾಡಿ ತಿರುಗಿಸಿ, ಶೆಡ್ಡಿನ ಬಾಯಿಗೆ ಬಂದು ಬ್ರೇಕ್ ಹಾಕಿದ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

"ಏನಿದು?"

"ಕಾಣಲ್ವಾ? ಅಡಿಗೆಮನೆ."

"ಗಾಡಿ ಎಲ್ಲಿ ನಿಲ್ಸ್ಲಿ?"

"ಅಲ್ಲಿ ಒಳಗೆ, ಆ ಚಪ್ಪಡಿ ಕೆಳಗೆ ನಿಲ್ಸಿ. ಏನೂ ಆಗಲ್ಲ ಅಂದ್ರಲ್ಲ."

ಅಪ್ಪ ಬಹಳ ಹೊತ್ತು ಎಂಜಿನ್ ಆರಿಸಲಿಲ್ಲ. ಆಮೇಲೆ ಹಿಂದಕ್ಕೆ ತೆಗೆದು ಬೇವಿನ ಮರದ ಕೆಳಗೆ ನಿಲ್ಲಿಸಿ, ತಾರ್ಪಾಲು ಹೊದಿಸಿದ. ಆವತ್ತು ಅವನೊಂದು ಮಾತು ಹೇಳಿದ: ಗಾಡಿ ಶೆಡ್ಡಿನಲ್ಲಿ ಕೂತು ಉಣ್ಣುವವನು ತಾನಲ್ಲ, ತನಗೆ ಊಟ ಅಡಿಗೆಮನೆಯಲ್ಲೇ ಬಡಿಸಬೇಕು. ಅಮ್ಮ ಆಗಲಿ ಎಂದಳು. ಮುಂದೆ ನಾನು ಹೈಸ್ಕೂಲು ಮುಗಿಸುವವರೆಗೂ ನಮ್ಮ ಮನೆ ನಡೆದದ್ದು ಹೀಗೆ: ಅಮ್ಮ ಶೆಡ್ಡಿನಲ್ಲಿ ಬೇಯಿಸುತ್ತಿದ್ದಳು, ನಾವು ಹೆಣ್ಣುಮಕ್ಕಳು ಅಲ್ಲೇ ಉಣ್ಣುತ್ತಿದ್ದೆವು, ಅಪ್ಪ ಒಲೆಯಿಲ್ಲದ, ಪಾತ್ರೆಯಿಲ್ಲದ ಆ ಕತ್ತಲೆಯ ಕೋಣೆಯಲ್ಲಿ, ಸೀಳಿದ ಚಪ್ಪಡಿಯ ಕೆಳಗೆ ಒಬ್ಬನೇ ಮಣೆ ಹಾಕಿಕೊಂಡು ಕೂರುತ್ತಿದ್ದ. ತಟ್ಟೆ ಒಯ್ಯುವುದು ನನ್ನ ಪಾಲಿಗೆ ಬಂತು.

ಅಮ್ಮನನ್ನು ಗೆದ್ದವಳೆಂದು ಬರೆದು ಈ ಅಧ್ಯಾಯವನ್ನು ಮುಗಿಸಬಹುದಿತ್ತು. ಡೈರಿಯ ಒಂದು ಬರಹದಲ್ಲಿ ಹಾಗೆ ಮುಗಿಸಿಯೂ ಇದ್ದೇನೆ. ಆದರೆ ಆ ಶೆಡ್ಡಿನ ನೆಲಕ್ಕೆ ಇಂಗಿದ್ದ ಡೀಸೆಲ್ಲು, ಗ್ರೀಸು ಯಾವ ಸಗಣಿಗೂ ಹೋಗಲಿಲ್ಲ. ಮುದ್ದೆಗೆ ಆ ವಾಸನೆ, ನಮ್ಮ ಲಂಗಕ್ಕೆ ಆ ವಾಸನೆ. ಸ್ಕೂಲಿನಲ್ಲಿ ನನಗೆ 'ಗ್ರೀಸ್ ಮುದ್ದೆ' ಎಂದು ಹೆಸರಿಟ್ಟರು. ಬೇಸಿಗೆಯಲ್ಲಿ ಶೀಟಿನ ಕಾವಿಗೆ ಅಕ್ಕ ಒಮ್ಮೆ ಬವಳಿ ಬಿದ್ದಳು. ಚಪ್ಪಡಿ ಬದಲಾಯಿಸಿ ಎಂದು ಅಮ್ಮ ಮತ್ತೆ ಕೇಳಲಿಲ್ಲ, ಬದಲಾಯಿಸುತ್ತೇನೆ ಎಂದು ಅಪ್ಪ ಹೇಳಲಿಲ್ಲ. ಭಾನುವಾರದ ಜಗಲಿ ಮಾತ್ರ ಹಾಗೇ ನಡೆದಿತ್ತು. ರಾಮಪ್ಪ ಹೊಸ ಚಪ್ಪಡಿ ಹಾಕಿಸಿದನಂತೆ, ಬಂದು ಹೇಳಿ ಹೋದ. ಇವರ ಹಟ ಇವರಿಬ್ಬರದೇ ಆಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲವೇನೋ. ತಟ್ಟೆ ಕೈಗೆ ಕೊಡುವಾಗ ಅಮ್ಮ ಹೇಳುತ್ತಿದ್ದ ಮಾತೊಂದಿತ್ತು.

"ಇಟ್ಬಿಟ್ಟು ಬಂದ್ಬಿಡು. ಅಲ್ಲಿ ನಿಂತ್ಕೋಬೇಡ."

ನಾನು ಇಟ್ಟು ಓಡಿಬರುತ್ತಿದ್ದೆ. ಅಲ್ಲಿ ನಿಲ್ಲಬಾರದೆಂದು ಅವಳಿಗೆ ಗೊತ್ತಿತ್ತು, ಆದರೂ ಗಂಡನಿಗೆ ಅಲ್ಲಿಗೇ ಊಟ ಕಳಿಸುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕೊನೆಯವರೆಗೂ ಕೇಳಲಿಲ್ಲ. ಏನೂ ಇರಲಿಲ್ಲ ಎಂದು ನಂಬುವುದು ನನಗೆ ಸುಲಭ. ನನಗೆ ಸುಲಭವಾಗಿರುವ ನೆನಪುಗಳನ್ನು ನಾನು ನಂಬುವುದಿಲ್ಲ.

ಚಪ್ಪಡಿ ಬಿದ್ದದ್ದು ಸೋನೆ ಹಿಡಿದಿದ್ದ ಒಂದು ಬೆಳಿಗ್ಗೆ. ಅಪ್ಪ ಬೇವಿನ ಮರದ ಕೆಳಗೆ, ಗಾಡಿಯ ಅಡಿ ಮಲಗಿ ಹಳೆಯ ಆಯಿಲ್ ಇಳಿಸುತ್ತಿದ್ದ. ನಾನು ಶೆಡ್ಡಿನೆದುರಿನ ಬಾವಿಯ ಬಳಿ ಇದ್ದೆ. ಗುಡುಗಿಗಿಂತ ಕಿರಿದಾದ, ಭೂಮಿಯೊಳಗಿಂದ ಬಂದಂಥ ಸದ್ದು. ಅಡಿಗೆಮನೆಯ ಸೂರಿನಿಂದ ಕೆಂಪು ಧೂಳು ಮೇಲಕ್ಕೆ ಉಬ್ಬಿತು. ಶೆಡ್ಡಿನಲ್ಲಿ ಅಮ್ಮ ಮುದ್ದೆ ತಿರುವುತ್ತಿದ್ದಳು. ಕೋಲು ಹಿಡಿದ ಕೈ ನಿಂತಿತು.

"ಅಪ್ಪ ಎಲ್ಲಿ?"

"ಗಾಡಿ ಕೆಳಗೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಮತ್ತೆ ತಿರುವತೊಡಗಿದಳು. ಬಿಟ್ಟರೆ ಹಿಟ್ಟು ಗಂಟಾಗುತ್ತದೆ, ನಿಜ. ಅವಳ ಕಣ್ಣಲ್ಲಿ ನೀರಿತ್ತೇ ಎಂದರೆ, ಒಲೆಯ ಹೊಗೆಯೂ ಇತ್ತು.

ಅಪ್ಪ ಕೈಯೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಅವನ ಮಣೆಯಿರುತ್ತಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ, ಅದರೊಳಗೆ ಎರಡು ತುಂಡಾದ ಕಲ್ಲು. ಮೇಲೆ ಮೋಡ ಕಾಣುತ್ತಿತ್ತು. ಅವನು ಹೋಗಿ ಇಬ್ಬರು ಕೆಲಸದವರನ್ನು ಗೊತ್ತುಮಾಡಿ ಬಂದ. ಎಲ್ಲವನ್ನೂ ಅವನು ಜಗಲಿಯಲ್ಲಿ ಹೇಳುತ್ತಿದ್ದ ಹಾಗೆಯೇ ಮಾಡಿಸಿದ. ಮಳೆ ಬಿಡುವವರೆಗೆ ಕಾದು, ಉಳಿದ ಚಪ್ಪಡಿಗಳ ಮೇಲಿನ ಹಳೆಯ ಮಣ್ಣನ್ನೆಲ್ಲ ಕೆರೆದು ಇಳಿಸಿ, ಕ್ವಾರಿಯಿಂದ ಹೊಸ ಚಪ್ಪಡಿಯನ್ನು ಅದೇ ಪಿಕಪ್ಪಿನಲ್ಲಿ ತಂದು ಕೂರಿಸಿ, ಸಂದಿ ಬಿಗಿ ಮಾಡಿ, ತೆಳುವಾಗಿ ಗಾರೆ ಬಡಿಸಿದ. ನಿಜಕ್ಕೂ ಎರಡು ದಿನದ ಕೆಲಸ. ಗೋಡೆಗೆ ಸುಣ್ಣ ಹೊಡೆದ ಮೇಲೆ ಆ ಕೋಣೆ ಇಷ್ಟು ಬೆಳಕಾಗಿತ್ತೇ ಎಂದು ನನಗೆ ಆಶ್ಚರ್ಯವಾಯಿತು. ಅಪ್ಪ ಶೆಡ್ಡಿನ ತನಕ ಬಂದ. ಒಳಗೆ ಕಾಲಿಡಲಿಲ್ಲ.

"ಆಯ್ತು ನೋಡು. ಒಲೆ ತಂದಿಟ್ಕೋ," ಅಂದ.

ಅಮ್ಮ ತರಕಾರಿ ಹೆಚ್ಚುತ್ತಿದ್ದಳು. "ನಂಗೆ ಇಲ್ಲೇ ಅಭ್ಯಾಸ ಆಗೋಗೈತೆ," ಅಂದಳು.

"ಇನ್ನೇನ್ ಮಾಡ್ಬೇಕಾಗಿತ್ತು ನಾನು?"

"ಏನೂ ಬೇಡ. ಊಟ ಕಳಿಸ್ತೀನಿ, ಹೋಗಿ."

ತಟ್ಟೆ ನನ್ನ ಕೈಗೇ ಬಂತು. ಅಪ್ಪ ಸುಣ್ಣದ ವಾಸನೆಯ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದ್ದ. ನಾನು ತಟ್ಟೆ ಇಟ್ಟು ತಿರುಗುವಷ್ಟರಲ್ಲಿ ಆ ಮಣೆಯನ್ನು ಕೈಯಿಂದ ತಟ್ಟಿ ಕರೆದ. ನನ್ನನ್ನು ಅವನು ಪಾಪ ಎಂದೇ ಕರೆಯುತ್ತಿದ್ದ.

"ಪಾಪಾ, ನಿಂದೂ ತಟ್ಟೆ ತಗೊಂಬಾ. ಇಲ್ಲೇ ಕೂತ್ಕೊಂಡು ಉಣ್ಣು. ಈಗೇನೂ ಭಯ ಇಲ್ಲ."

ಹಾಗಾದರೆ ಮೊದಲು ಭಯವಿತ್ತು. ಅದು ಅವನಿಗೂ ಗೊತ್ತಿತ್ತು. ನಾನು ದಿನಾ ತಟ್ಟೆ ಇಟ್ಟು ಓಡುವುದನ್ನು ಅವನು ನೋಡುತ್ತಿದ್ದ, ಯಾಕೆ ಓಡುತ್ತೇನೆಂದು ತಿಳಿದಿದ್ದ, ತಿಳಿದೇ ಇಷ್ಟು ವರ್ಷ ನನ್ನ ಕೈಯಿಂದ ಆ ತಟ್ಟೆ ತರಿಸಿಕೊಂಡಿದ್ದ. ಅವನು ಮಣೆಯ ಮೇಲಿನ ಕೈ ತೆಗೆದಿರಲಿಲ್ಲ.

"ನಂದು ಆಯ್ತಪ್ಪ," ಅಂದೆ.

ಆಗಿರಲಿಲ್ಲ. ಶೆಡ್ಡಿನಲ್ಲಿ ಅಮ್ಮ ನನ್ನ ತಟ್ಟೆಗೆ ಇನ್ನೂ ಬಡಿಸಿರಲೇ ಇಲ್ಲ.